ಚೆಕ್ಕರಕ್ಕನ ತಮ್ಮನ ಕೇಸು

ಚೆಕ್ಕರಕ್ಕನಿಗೆ ಮನುಷ್ಯಜಾತಿಯ ಮೇಲೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಇರಲು ಕಾರಣವೂ ಇರಲಿಲ್ಲ. ಸಿಟಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವುದು ಅವಳ ಕೆಲಸ. ಎಲ್ಲೋ ಒಂದು ಸ್ಟಾಪಿನಲ್ಲಿ ದಿಢೀರನೆ ಹತ್ತಿ, ಕಂಬಿ ಹಿಡಿದು ನಿಂತು, "ಟಿಕೆಟ್" ಎಂದು ಕೈ ಚಾಚಿದರೆ ಸಾಕು. ಅಲ್ಲಿಯವರೆಗೂ ಪಕ್ಕದವನಿಗೆ ನೀತಿ ನಿಯತ್ತಿನ ಬಗ್ಗೆ ಭಾಷಣ ಬಿಗಿಯುತ್ತಿದ್ದ ದೊಡ್ಡ ಮನುಷ್ಯ ಕೂಡ ಜೇಬು ತಡಕುತ್ತ "ಈಗ ಇತ್ತಲ್ಲಾ" ಎಂದು ಹಲ್ಲು ಕಿರಿಯುತ್ತಿದ್ದ. ಗಾಳಿಗೆ ಹಾರಿಹೋಯಿತು ಎನ್ನುವವರು, ಮಗು ಬಾಯಿಗೆ ಹಾಕಿಕೊಂಡಿತು ಎನ್ನುವವರು, ಹೆಂಡತಿಯ ಹತ್ತಿರ ಇತ್ತು, ಅವಳು ಹಿಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು ಎನ್ನುವವರು, ಎದೆ ಹಿಡಿದುಕೊಂಡು ಒರಗಿಬಿಡುವವರು. ಎಲ್ಲರಿಗೂ ಅವಳದು ಒಂದೇ ಮಾತು. "ನಾಟಕ ಸಾಕು, ಇಳಿ."

ಅವಳ ಸಂಸಾರ ಸಣ್ಣದು. ತಾನು, ತನ್ನ ತಮ್ಮ. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ನೋಡಲು ಬಂದ ಗಂಡುಗಳೆಲ್ಲ ಅವಳ ಕಣ್ಣಿಗೆ ಟಿಕೆಟಿಲ್ಲದೆ ಹತ್ತಿದವರ ಹಾಗೇ ಕಂಡಿದ್ದರು. ಅಣ್ಣನೊಬ್ಬನಿದ್ದ. ಊರಿನ ಆಚೆ ತುದಿಯಲ್ಲಿ ಸೋಫಾ ಅಂಗಡಿ, ಮೆತ್ತನೆಯ ಮಾತು, ಅದಕ್ಕಿಂತ ಮೆತ್ತನೆಯ ಬೆನ್ನುಮೂಳೆ. ಅಪ್ಪ ಅಮ್ಮ ತೀರಿದ ಮೇಲೆ ಅವನು ತಂಗಿ ತಮ್ಮನ ಮನೆಗೆ ಬರುತ್ತಿದ್ದುದು ಹೊಸ ಕಾರು ತೋರಿಸುವುದಕ್ಕೆ ಮಾತ್ರ.

ತಮ್ಮನದು ಮೋಟಾರ್ ವೈಂಡಿಂಗ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಅವರಿಬ್ಬರ ಎರಡು ಕೋಣೆಯ ಮನೆ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು, ಏನು ತಂದು ಹಾಕಿದರೂ ಹಳೆಯ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ, ಒಣಗಿಸಿ ಕೊಡುತ್ತಿದ್ದ. ಮನೆಯೆಲ್ಲ ವಾರ್ನಿಷ್ ವಾಸನೆ. ಕೆಲಸ ಮಾಡುವಾಗ ಸಿಳ್ಳೆ ಹಾಕುವ ಚಾಳಿ. ಅಕ್ಕನ ಸಿಡುಕಿಗೆಲ್ಲ ಅವನು ನಕ್ಕುಬಿಡುತ್ತಿದ್ದ. ಅವಳು ಮೂದಲಿಸದೆ ಮಾತಾಡುತ್ತಿದ್ದ ಏಕೈಕ ಪ್ರಾಣಿ ಅವನೇ.

ಮೊದಲು ನಿಂತದ್ದು ಆ ಸಿಳ್ಳೆ. ಆಮೇಲೆ ಸ್ನಾನ ನಿಂತಿತು. ಬಿಚ್ಚಿಟ್ಟ ಮೋಟಾರುಗಳು ಬಿಚ್ಚಿಟ್ಟಂತೆಯೇ ಉಳಿದವು. ಗಿರಾಕಿಗಳು ಬಂದು ಬೈದು ತಮ್ಮ ಫ್ಯಾನು ಹೊತ್ತುಕೊಂಡು ಹೋದರು. ಒಂದು ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಟಾಗ ಅವನು ತಂತಿಯ ಉಂಡೆಯೊಂದನ್ನು ಕಿವಿಗೆ ಒತ್ತಿಕೊಂಡು ಕೂತಿದ್ದ.

"ಏನೋ ಅದು?"

"ಶ್... ಅಕ್ಕಾ, ಮೆಲ್ಲಗೆ. ಕರೆಂಟ್ ಆಫೀಸಿನವರು ಮಾತಾಡ್ತಿದಾರೆ. ಎಲ್ಲಾ ತಂತೀಲೂ ಬಿಟ್ಟಿದಾರೆ. ನನ್ನ ಹೆಸರು ಹಿಡಿದು ಬೈತಾರೆ."

"ಮೈಗಳ್ಳತನಕ್ಕೆ ಒಂದು ನೆಪ ಬೇಕಿತ್ತು ನಿನಗೆ. ನಾಟಕ ಸಾಕು, ಎದ್ದು ಮುಖ ತೊಳಿ."

ಅವನು ಎದ್ದು ಮುಖ ತೊಳೆದ. ಅವಳು ಗೆದ್ದೆ ಎಂದುಕೊಂಡು ಬಸ್ ಹತ್ತಿದಳು.

ಕೆಲವು ವಾರಗಳ ನಂತರ ಅವನು ಅಂಗಡಿಯ ದೊಡ್ಡ ಸುತ್ತಿಗೆ ತೆಗೆದುಕೊಂಡು ಕರೆಂಟ್ ಆಫೀಸಿಗೆ ಹೋದ. ಬಿಲ್ಲು ಕಟ್ಟುವವರ ಸಾಲಿನಲ್ಲಿ ಶಿಸ್ತಾಗಿ ನಿಂತ. ತನ್ನ ಸರದಿ ಬಂದಾಗ, "ದಯವಿಟ್ಟು ಬೈಯೋದು ನಿಲ್ಲಿಸಿ" ಎಂದು ಕೌಂಟರಿನ ಗುಮಾಸ್ತನನ್ನು ಕೇಳಿಕೊಂಡ. ಗುಮಾಸ್ತ ತಲೆ ಎತ್ತದೆ "ಮೂರನೇ ಕೌಂಟರಿಗೆ ಹೋಗಿ" ಎಂದ. ತಮ್ಮ ಸುತ್ತಿಗೆ ಎತ್ತಿ ಕೌಂಟರಿನ ಗಾಜು ಪುಡಿ ಮಾಡಿದ. ಗುಮಾಸ್ತನ ಕೈಗೆ ಗಾಜು ತಗುಲಿ ರಕ್ತ ಬಂತು. ಅಷ್ಟೇ. ಓಡಲೂ ಇಲ್ಲ, ಪೊಲೀಸರು ಬರುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದ.

ಚೆಕ್ಕರಕ್ಕ ಸ್ಟೇಷನ್ನಿಗೆ ಹೋದಳು. ಕಂಬಿಯ ಹಿಂದೆ ಅವನನ್ನು ನೋಡಿ, ನಾಲ್ಕು ದಿನ ಒಳಗಿದ್ದರೆ ಬುದ್ಧಿ ಬರುತ್ತದೆ ಬಿಡು ಎಂದುಕೊಂಡೇ ಮನೆಗೆ ಬಂದಳು. ಅಷ್ಟು ನಂಬಿಕೆ ಅವಳಿಗೆ ಆಗ ಸರ್ಕಾರದ ಮೇಲೆ ಇತ್ತು.

ಅಣ್ಣ ಒಬ್ಬ ವಕೀಲನನ್ನು ಹಿಡಿದ. ಕಪ್ಪು ಕೋಟಿನ ಜೇಬಿನಲ್ಲಿ ಸದಾ ಬಾಚಣಿಗೆ. "ಏನೂ ಯೋಚನೆ ಮಾಡ್ಬೇಡಿ. ಹುಚ್ಚು ಅಂತ ಅರ್ಜಿ ಹಾಕ್ತೀನಿ, ಕೇಸೇ ನಿಂತುಹೋಗುತ್ತೆ" ಎಂದ. ಹೇಳಿದಂತೆಯೇ ಆಯಿತು. ಮಾನಸಿಕ ಆಸ್ಪತ್ರೆಯ ವೈದ್ಯರು ಪರೀಕ್ಷೆ ಮಾಡಿದರು. ಆರೋಪಿಗೆ ಕಾಯಿಲೆ ಇದೆ, ವಿಚಾರಣೆ ಏನೆಂದು ತಿಳಿಯುವ ಸ್ಥಿತಿಯಲ್ಲಿ ಅವನಿಲ್ಲ ಎಂದರು. ಗುಣವಾಗುವವರೆಗೆ ವಿಚಾರಣೆ ನಿಲ್ಲಿಸಿ, ಅಲ್ಲಿಯವರೆಗೆ ಜೈಲಿನಲ್ಲಿಟ್ಟು ಚಿಕಿತ್ಸೆ ಕೊಡಿ ಎಂದು ನ್ಯಾಯಾಧೀಶರು ಆದೇಶ ಮಾಡಿದರು. ವಕೀಲ ತಲೆ ಬಾಚಿಕೊಂಡು, ಗೆದ್ದೆವು ಎಂದು ಕೈ ಕುಲುಕಿ ಹೋದವನು ಮತ್ತೆ ಕಣ್ಣಿಗೆ ಬೀಳಲಿಲ್ಲ.

ಆ ಗೆಲುವು ಎಂಥದ್ದು ಎಂಬುದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಗಾಜು ಒಡೆದದ್ದು ನಾನೇ ಎಂದು ಒಪ್ಪಿಕೊಂಡಿದ್ದರೆ ಕೆಲವೇ ತಿಂಗಳ ಶಿಕ್ಷೆ ಅನುಭವಿಸಿ ಹೊರಗೆ ಬರುತ್ತಿದ್ದ. ಹುಚ್ಚ ಎಂದು ಅವನ ಮೇಲೆ ಕರುಣೆ ತೋರಿಸಿದ್ದರಿಂದ ಅವನ ಜೈಲುವಾಸಕ್ಕೆ ಕೊನೆಯೇ ಇಲ್ಲವಾಯಿತು. ಗುಣವಾಗುವವರೆಗೆ ಬಿಡುವಂತಿಲ್ಲ, ಗುಣಪಡಿಸುವವರು ಯಾರೂ ಇಲ್ಲ. ಕಳ್ಳರು, ಚೂರಿ ಹಾಕಿದವರು, ಚೀಟಿ ನಡೆಸಿ ಊರಿಗೆಲ್ಲ ಟೋಪಿ ಹಾಕಿದವರು ಅವನ ಕಣ್ಣೆದುರಿಗೇ ಬಂದು, ಶಿಕ್ಷೆ ಮುಗಿಸಿ, ವಾರ್ಡರುಗಳಿಗೆ ಟಾಟಾ ಹೇಳಿ ಹೋದರು. ವರ್ಷಗಳು ಉರುಳಿದವು, ಅವನು ಅಲ್ಲೇ ಇದ್ದ.

ಚೆಕ್ಕರಕ್ಕ ಸುತ್ತತೊಡಗಿದಳು. ಜೈಲಿನವರು ಹೇಳಿದರು: ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೆಂಗಾವಲಿನ ಪೊಲೀಸರಿಲ್ಲ. ಪೊಲೀಸರು ಹೇಳಿದರು: ಕೋರ್ಟಿನಿಂದ ಆದೇಶ ಬರಲಿ. ಕೋರ್ಟಿನ ಗುಮಾಸ್ತ ಹೇಳಿದ: ಆದೇಶ ಆಗಲೇ ಆಗಿದೆಯಲ್ಲ, ಜೈಲಿನವರನ್ನು ಕೇಳಿ. ಆಸ್ಪತ್ರೆಯವರು ಹೇಳಿದರು: ರೋಗಿಯನ್ನು ಕರೆದುಕೊಂಡು ಬನ್ನಿ, ನೋಡೋಣ.

"ನಮ್ಮ ಬಸ್ಸು ಕೂಡ ಹೀಗೇ ಸುತ್ತುತ್ತೆ" ಎಂದಳು ಅವಳು ಆಸ್ಪತ್ರೆಯ ಕಿಟಕಿಯಲ್ಲಿ ಕೂತವನಿಗೆ. "ಆದ್ರೆ ಅದರಲ್ಲಿ ಕೂತೋರು ಯಾವುದೋ ಒಂದು ಸ್ಟಾಪಲ್ಲಾದ್ರೂ ಇಳೀತಾರೆ."

ಅವನಿಗೆ ಅದು ಅರ್ಥವಾಗಲಿಲ್ಲ. ಅಂಥವರಿಗೆ ಅರ್ಥವಾಗಬಾರದೆಂದೇ ಅಲ್ಲಿ ಕೂರಿಸಿರುತ್ತಾರೆ ಎಂಬುದು ಚೆಕ್ಕರಕ್ಕನ ತೀರ್ಮಾನ.

ಭೇಟಿಯ ದಿನಗಳಲ್ಲಿ ಅವಳು ಜೈಲಿಗೆ ಹೋಗುತ್ತಿದ್ದಳು. ಎರಡು ಜಾಲರಿ, ನಡುವೆ ಒಂದು ಆಳು ಓಡಾಡುವಷ್ಟು ಜಾಗ. ಈಚೆಯವರೂ ಆಚೆಯವರೂ ಸಂತೆಯಂತೆ ಕಿರುಚಬೇಕು. ಕಿರುಚುವುದು ತಮ್ಮನಿಂದ ಆಗುತ್ತಿರಲಿಲ್ಲ. ಅವನು ಜಾಲರಿಯ ತಂತಿಯಿಂದ ಒಂದು ಮೊಳ ದೂರವೇ ನಿಲ್ಲುತ್ತಿದ್ದ. ತೂಕ ಇಳಿದಿತ್ತು. ಒಂದು ಸಲ ಮಣಿಕಟ್ಟಿನ ಸುತ್ತ ಬಳೆಯಂತೆ ಗಾಯದ ಗುರುತು ಕಂಡಿತು.

"ಅದೇನೋ ಕೈಗೆ?" ಅವಳು ಕೂಗಿದಳು.

ಅವನು ಕೈ ಹಿಂದೆ ಕಟ್ಟಿಕೊಂಡ. ಪಕ್ಕದಲ್ಲಿದ್ದ ವಾರ್ಡರು ಆಕಳಿಸುತ್ತ ಹೇಳಿದ: "ಕೂಗಾಡ್ತಾನಮ್ಮ. ಹಿಂದಿನ ಸಾಲಿನ ಒಂಟಿ ಕೋಣೇಲಿ ಹಾಕಿದೀವಿ. ಅಲ್ಲೂ ಗೋಡೆಗೆ ತಲೆ ಚಚ್ಕೊಳ್ತಾನೆ. ಅದಕ್ಕೆ ಕಟ್ಟಿ ಹಾಕೋದು. ಅವನ ಒಳ್ಳೇದಕ್ಕೇ."

"ನಿನ್ನನ್ನೂ ನಿನ್ನ ಒಳ್ಳೇದಕ್ಕೆ ಯಾರಾದ್ರೂ ಕಟ್ಟಿ ಹಾಕಿದಾರಾ?"

"ಡಾಕ್ಟರನ್ನ ಕೇಳಿ, ಹೋಗಿ."

ಅವಳು ಹೋದಳು. ಜೈಲಿನ ಡಾಕ್ಟರು ದುಂಡಗೆ, ಬೆಳ್ಳಗೆ, ಸುಖವಾಗಿ ಇದ್ದವರು. ಕೈದಿಗಳು ಅವರಿಗೆ 'ನಾಟಕ ಡಾಕ್ಟರು' ಎಂದು ಹೆಸರಿಟ್ಟಿದ್ದರು. ಹೊಟ್ಟೆನೋವು ಎಂದವನಿಗೂ ನಾಟಕ, ಜ್ವರ ಎಂದವನಿಗೂ ನಾಟಕ. ಒಬ್ಬ ಮುದುಕ ಅವರ ಮುಂದೆಯೇ ಪ್ರಾಣ ಬಿಟ್ಟಾಗ ಮಾತ್ರ ಸ್ವಲ್ಪ ಹೊತ್ತು ಅನುಮಾನಿಸಿ, ಆಮೇಲೆ ಒಪ್ಪಿಕೊಂಡರಂತೆ. ಮೇಜಿನ ಮೇಲೆ ಸ್ಟೆತಾಸ್ಕೋಪು ಧೂಳು ತಿನ್ನುತ್ತಿತ್ತು. ಅವರು ಕಿತ್ತಳೆ ಸುಲಿಯುತ್ತಿದ್ದರು.

"ನಿಮ್ಮ ತಮ್ಮನಾ? ಓ, ಅವನು! ಏನೂ ಇಲ್ಲಮ್ಮ ಅವನಿಗೆ. ಗಟ್ಟಿಮುಟ್ಟಾಗಿದಾನೆ. ಎಲ್ಲಾ ನಾಟಕ."

ಚೆಕ್ಕರಕ್ಕ ಏನೋ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಅದು ಅವಳದೇ ಮಾತು. ಅದೇ ಉಸಿರು, ಅದೇ ಕೊಂಕು, ಕೊನೆಯಲ್ಲಿ ಅದೇ ತೆಳ್ಳಗಿನ ನಗೆ. ಅದನ್ನು ಇನ್ನೊಬ್ಬರ ಬಾಯಲ್ಲಿ, ಅದೂ ಕಿತ್ತಳೆ ತೊಳೆ ಜಗಿಯುತ್ತಿದ್ದ ಬಾಯಲ್ಲಿ ಕೇಳಿದಾಗ, ತಂತಿಯ ಉಂಡೆ ಕಿವಿಗಿಟ್ಟುಕೊಂಡು ಕೂತಿದ್ದವನಿಗೆ ತಾನು ಏನು ಹೇಳಿದ್ದೆ ಎಂಬುದು ಅವಳಿಗೆ ಮೊದಲ ಸಲ ಕೇಳಿಸಿತು. ಆ ದಿನ ಡಾಕ್ಟರಿಗೆ ಅವಳು ಒಂದು ಮಾತೂ ಆಡದೆ ಬಂದಳು. ಅವರು ಅದನ್ನು ಗೌರವ ಎಂದು ತಿಳಿದುಕೊಂಡರು.

ಅದಾದ ಸ್ವಲ್ಪ ದಿನಕ್ಕೆ ಜೈಲಿಗೆ ಸುಣ್ಣ ಬಳಿದರು. ಹೂಕುಂಡಗಳು ಬಂದವು. ಕೈದಿಗಳ ಹಕ್ಕು ನೋಡಿಕೊಳ್ಳುವ ಸಮಿತಿಯವರು ತಪಾಸಣೆಗೆ ಬರುತ್ತಾರಂತೆ ಎಂದು ವಾರ್ಡರುಗಳೇ ಹೇಳಿದರು. ತಪಾಸಣೆ ಎಂಬ ಶಬ್ದ ಕೇಳಿ ಚೆಕ್ಕರಕ್ಕನಿಗೆ ಆಸೆ ಹುಟ್ಟಿತು. ಎಷ್ಟಾದರೂ ಅವಳ ಕುಲಕಸುಬು. ರಜೆ ಹಾಕಿ ಬೆಳಿಗ್ಗೆಯೇ ಹೋಗಿ ಭೇಟಿಯ ಅಂಗಳದಲ್ಲಿ ಕೂತಳು.

ಸಮಿತಿಯವರು ಮಧ್ಯಾಹ್ನ ಬಂದರು. ಅಧ್ಯಕ್ಷರು ನಿವೃತ್ತ ದೊಡ್ಡ ಮನುಷ್ಯರು, ಬಿಸಿಲಿಗೆ ಕಪ್ಪು ಕನ್ನಡಕ. ಅವರಿಗೆ ಅಡುಗೆಮನೆ ತೋರಿಸಿದರು; ಅವರು ಒಂದು ಚಮಚ ಸಾರು ರುಚಿ ನೋಡಿ ತಲೆದೂಗಿದರು. ಗ್ರಂಥಾಲಯ ತೋರಿಸಿದರು, ಅಲ್ಲಿ ಓದು ಬರದ ಮೂವರನ್ನು ಪುಸ್ತಕ ಬಿಡಿಸಿ ಕೂರಿಸಿದ್ದರು. ಆಸ್ಪತ್ರೆ ವಾರ್ಡು ತೋರಿಸಿದರು. ಹೊಸ ಬಿಳಿ ಹಾಸಿಗೆ, ಅದರ ಮೇಲೆ ಕಾಯಿಲೆಯೇ ಇಲ್ಲದ ದಪ್ಪ ಕೈದಿಗಳು ಹೊದ್ದು ಮಲಗಿದ್ದರು. ಸೂಪರಿಂಟೆಂಡೆಂಟರ ಬೆನ್ನು ಆ ದಿನ ಬಾಗಿದ್ದು ಮತ್ತೆ ನೆಟ್ಟಗಾಗಲು ವಾರ ಹಿಡಿದಿರಬೇಕು.

ತಿರುಗಿ ಹೋಗುವಾಗ ಅವರು ಭೇಟಿಯ ಅಂಗಳದ ಮೂಲಕವೇ ಹಾದರು. ಚೆಕ್ಕರಕ್ಕ ಎದ್ದು ಅಡ್ಡ ನಿಂತಳು. ಬಸ್ಸಿನ ಬಾಗಿಲಲ್ಲಿ ನಿಲ್ಲುವ ಅದೇ ನಿಲುವು.

"ಏನಮ್ಮ, ಏನಾದ್ರೂ ತೊಂದರೆನಾ?" ಅಧ್ಯಕ್ಷರು ಜೇನು ಸುರಿಸಿದರು.

"ಹಿಂದಿನ ಸಾಲು ನೋಡಿದ್ರಾ ಸಾರ್?"

"ಯಾವ ಹಿಂದಿನ ಸಾಲು?"

"ಒಂಟಿ ಕೋಣೆಗಳು. ಬುದ್ಧಿ ಸರಿಯಿಲ್ಲದವರನ್ನ ಕೈ ಕಟ್ಟಿ ಹಾಕಿರೋ ಜಾಗ. ನನ್ನ ತಮ್ಮ ಅಲ್ಲಿದಾನೆ. ಔಷಧಿ ಇಲ್ಲ, ವಾಯಿದೆ ಇಲ್ಲ."

ಸೂಪರಿಂಟೆಂಡೆಂಟರು ನಡುವೆ ನುಗ್ಗಿದರು. "ಅದು ರಿಪೇರಿ ನಡೀತಿದೆ ಸಾರ್, ಕಾಲಿಡೋ ಹಾಗಿಲ್ಲ."

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಮುಂದಿನ ಸಲ ಬಂದಾಗ ಖಂಡಿತ ನೋಡೋಣಮ್ಮ."

"ನಾನು ಬಸ್ಸಲ್ಲಿ ಚೆಕಿಂಗ್ ಮಾಡೋಳು ಸಾರ್. ಕೊನೇ ಸೀಟಿನ ತನಕ ಹೋಗದೆ ಇಳಿದ್ರೆ ನಮ್ಮನ್ನ ಸಸ್ಪೆಂಡ್ ಮಾಡ್ತಾರೆ. ನಿಮಗೆ ಚಹಾ ಬಿಸ್ಕತ್ತು ಕೊಟ್ಟು ಕಳಿಸ್ತಾರೆ."

ಇಬ್ಬರು ಹೆಂಗಸು ವಾರ್ಡರುಗಳು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಕಾರುಗಳು ಹೋದವು. ಜೈಲಿನ ವ್ಯವಸ್ಥೆ ತೃಪ್ತಿಕರ ಎಂದು ಅಧ್ಯಕ್ಷರು ಹೇಳಿದ್ದು ಮರುದಿನದ ಪತ್ರಿಕೆಯಲ್ಲಿ ಬಂತು. ಪಕ್ಕದಲ್ಲಿ ಹೂಕುಂಡದ ಚಿತ್ರ. ಅವಳಿಗೆ ಮೂರು ತಿಂಗಳು ಭೇಟಿ ಬಂದ್ ಆಯಿತು.

ಆ ಮೂರು ತಿಂಗಳು ಅವಳು ಕೋರ್ಟಿಗೆ ಅಲೆದಳು. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಚೇರಿ ಕೋರ್ಟಿನ ಹಿಂಭಾಗದಲ್ಲಿ, ಮೂತ್ರಿಖಾನೆಯ ಪಕ್ಕ ಇತ್ತು. ಸರ್ಕಾರಕ್ಕೆ ಬಡವರ ಮೇಲೆ ಎಷ್ಟು ಪ್ರೀತಿ ಎಂಬುದನ್ನು ಮೂಗೇ ಹೇಳುತ್ತಿತ್ತು. ಅಲ್ಲಿ ಸಿಕ್ಕ ವಕೀಲರು ಕೆಮ್ಮುತ್ತಿದ್ದರು. ಮಾತಿಗೆ ಮುಂಚೆ ಕೆಮ್ಮು, ಮಾತಿನ ನಡುವೆ ಕೆಮ್ಮು. ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಬಿದ್ದಿತ್ತು. ಇವನೂ ಒಬ್ಬ ದಂಡಪಿಂಡ ಎಂದುಕೊಂಡೇ ಚೆಕ್ಕರಕ್ಕ ಕತೆಯೆಲ್ಲ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೋ ಏನೋ ಎಂದು ಅವಳು ಮೇಜು ಕುಟ್ಟಿದಳು.

"ಕೇಳಿಸ್ಕೊಂಡೆ ಕಣಮ್ಮ" ಎಂದರು ಕೆಮ್ಮು ವಕೀಲರು. "ಒಂದೇ ಒಂದು ಹೇಳು. ಆ ಡಾಕ್ಟರು ನಾಟಕ ಅಂತ ಬಾಯಲ್ಲಿ ಹೇಳ್ತಾರೋ, ಕೋರ್ಟಿಗೂ ಹಾಗೇ ಬರೀತಾರೋ?"

"ವಾರ್ಡರು ಹೇಳಿದ, ಬರಿಯೋದೂ ಅದನ್ನೇ ಅಂತೆ. ಬೇರೆ ಏನಾದ್ರೂ ಬರೆಯೋಕೆ ಬರಬೇಕಲ್ಲ."

ವಕೀಲರು ನಕ್ಕರು, ನಗೆ ಕೆಮ್ಮಾಯಿತು. "ಸರಿ ಹಾಗಾದ್ರೆ. ಸಿಕ್ಕಿಬಿದ್ದ."

ಅವರ ಅರ್ಜಿಗೆ ವಾಯಿದೆ ಸಿಗುವಷ್ಟರಲ್ಲಿ ಇನ್ನೊಂದು ಬೇಸಿಗೆ ಕಳೆಯಿತು. ಆ ದಿನ ಕೋರ್ಟಿನಲ್ಲಿ ಅಣ್ಣನೂ ಹಾಜರಿದ್ದ. ಬಿಡುಗಡೆಯಾದರೆ ಮನೆಯವರು ಜವಾಬ್ದಾರಿ ಹೊರುತ್ತಾರಾ ಎಂದು ಕೇಳಲು ನೋಟಿಸ್ ಹೋಗಿತ್ತು. ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ವಾಸನೆ. ತಮ್ಮನನ್ನು ಬೇಡಿ ಹಾಕಿ ಕರೆತಂದರು. ತಲೆ ಬೋಳಿಸಿದ್ದರು. ಅವನು ಮೇಲಿನ ಫ್ಯಾನನ್ನೇ ನೋಡುತ್ತ ನಿಂತ. ಅಣ್ಣ ಗೋಡೆ ನೋಡುತ್ತ ಕೂತ.

ನ್ಯಾಯಾಧೀಶೆ ಹೊಸಬರು. ಹಳೆಯ ಕಡತಗಳ ಧೂಳಿಗೆ ಸೀನುತ್ತಿದ್ದರು. ನಾಟಕ ಡಾಕ್ಟರು ಸಾಕ್ಷಿ ಕಟಕಟೆಗೆ ಬಂದು, ಬೆಳ್ಳಗಿನ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಕೆಮ್ಮು ವಕೀಲರು ಎದ್ದರು.

"ಡಾಕ್ಟ್ರೇ, ಈತನಿಗೆ ಕಾಯಿಲೆ ಇದೆಯೋ ಇಲ್ಲವೋ?"

"ಇಲ್ಲ. ಸುಮ್ಮನೆ ಆಡ್ತಾನೆ. ನಾಟಕ."

"ಎಷ್ಟು ಕಾಲದಿಂದ ನಾಟಕ?"

"ಮೊದಲಿಂದ್ಲೂ."

"ಅಂದ್ರೆ ಮೊದಲಿಂದ್ಲೂ ಆರೋಗ್ಯವಾಗಿದ್ದ. ಗುಣ ಆದ ಕೂಡ್ಲೇ ವಿಚಾರಣೆಗೆ ಕಳಿಸಿ ಅಂತ ಆದೇಶ ಇತ್ತು. ಯಾಕೆ ಕಳಿಸಲಿಲ್ಲ?"

ಡಾಕ್ಟರು ಕರವಸ್ತ್ರ ಮಡಿಸಿದರು. "ಅವನು... ಆ ಸ್ಥಿತೀಲಿ ಇರಲಿಲ್ಲ."

"ಓಹೋ. ಹಾಗಾದ್ರೆ ಕಾಯಿಲೆ ಇತ್ತು. ಯಾವ ಔಷಧಿ ಕೊಟ್ರಿ?"

"ಔಷಧಿ ಯಾಕೆ? ನಾಟಕ ಅಂದ್ನಲ್ಲ."

ಕೋರ್ಟಿನ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಡಾಕ್ಟರೇ, ಎರಡರಲ್ಲಿ ಒಂದು ಹೇಳಿ. ಕಾಯಿಲೆಯೋ, ನಾಟಕವೋ?"

ಡಾಕ್ಟರು ಅತ್ತ ನೋಡಿದರು, ಇತ್ತ ನೋಡಿದರು. ಬೆಳ್ಳಗಿನ ಮುಖ ಕೆಂಪಾಯಿತು. "ಎರಡೂ ಇರಬಹುದು ಮೇಡಂ" ಎಂದರು.

ಚೆಕ್ಕರಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಸಿಕ್ಕಿಬಿದ್ದವರಿಗಾದರೂ ಒಂದು ಚೂರು ನಾಚಿಕೆ ಇರುತ್ತದೆ. ಇವರಿಗೆ ಬರೀ ಸೆಕೆಯಾಗುತ್ತಿತ್ತು.

ನ್ಯಾಯಾಧೀಶೆ ಕಡತ ತಿರುವಿ, ಈ ಅಪರಾಧಕ್ಕೆ ಇರುವ ದೊಡ್ಡ ಶಿಕ್ಷೆಯ ಹಲವು ಪಟ್ಟು ಕಾಲ ಈತ ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕಳೆದಿದ್ದಾನೆ ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಅಣ್ಣನ ಕಡೆ ತಿರುಗಿದರು. "ನೀವು ಕರೆದುಕೊಂಡು ಹೋಗ್ತೀರಾ?"

ಅಣ್ಣ ಎದ್ದು ಕೈ ಕಟ್ಟಿಕೊಂಡ. "ಪ್ರೀತಿ ಏನೋ ಇದೆ ಮೇಡಂ, ಒಡಹುಟ್ಟಿದವನು. ಆದ್ರೆ ಮನೇಲಿ ಬೆಳೆದ ಹೆಣ್ಮಕ್ಕಳಿದಾರೆ. ಗಿರಾಕಿಗಳು ಬಂದು ಹೋಗ್ತಾರೆ. ಅವನು ಅಲ್ಲೇ ಇದ್ರೆ... ಅವನಿಗೂ ಅಭ್ಯಾಸ ಆಗಿದೆ."

"ಕೂತ್ಕೋ ಅಣ್ಣಾ" ಎಂದಳು ಚೆಕ್ಕರಕ್ಕ, ಅಪ್ಪಣೆ ಕೇಳದೆ ಎದ್ದು. "ನಿನ್ನ ಪ್ರೀತೀನ ನಿನ್ನ ಸೋಫಾದ ಮೇಲೇ ಕೂರಿಸ್ಕೋ. ಮೇಡಂ, ನಾನು ಕರ್ಕೊಂಡು ಹೋಗ್ತೀನಿ."

"ನೀವು ಒಬ್ಬರೇ ಹೆಂಗಸು, ನಿಭಾಯಿಸ್ತೀರಾ?"

"ದಿನಾ ನೂರಾರು ಗಂಡಸರನ್ನ ಬಸ್ಸಿಂದ ಇಳಿಸ್ತೀನಿ ಮೇಡಂ. ಒಬ್ಬನ್ನ ಮನೆಗೆ ಹತ್ತಿಸೋದು ಕಷ್ಟ ಅಲ್ಲ."

ಮೊದಲು ಆಸ್ಪತ್ರೆ, ಆಮೇಲೆ ಅಕ್ಕನ ಮನೆ, ಕೇಸು ವಜಾ ಎಂದು ಆದೇಶವಾಯಿತು. ಇದುವರೆಗೆ ಸಿಗದಿದ್ದ ಬೆಂಗಾವಲಿನ ಪೊಲೀಸರು ಅದೇ ಸಂಜೆ ಸಿಕ್ಕರು. ಡಾಕ್ಟರ ಮೇಲೆ ಇಲಾಖೆಯ ವಿಚಾರಣೆ ನಡೆಯಬೇಕೆಂದೂ ಆದೇಶದಲ್ಲಿತ್ತು. ನಡೆಯಿತು. ಅದು ಮುಗಿಯುವ ಹೊತ್ತಿಗೆ ಅವರಿಗೆ ಬಡ್ತಿ ಸಿಕ್ಕಿ, ಇನ್ನೂ ದೊಡ್ಡ ಜೈಲಿಗೆ ವರ್ಗವಾಗಿತ್ತು. ಚೆಕ್ಕರಕ್ಕನಿಗೆ ಆಶ್ಚರ್ಯವಾಗಲಿಲ್ಲ. ಇಂಥವರನ್ನು ಮೇಲಕ್ಕೆ ಕಳಿಸುವುದೇ ಅವರಿಂದ ಪಾರಾಗಲು ಮೇಲಿನವರಿಗೆ ತಿಳಿದಿದ್ದ ಒಂದೇ ದಾರಿ.

ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳು ಕೆಲವೇ ವಾರಗಳಲ್ಲಿ ಕೆಲಸ ಮಾಡಿದವು. ಅದು ಅವಳಿಗೆ ಸಮಾಧಾನಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಇಷ್ಟೇ ಇಷ್ಟು ಮಾತ್ರೆ! ಇದಕ್ಕಾಗಿ ಎಷ್ಟು ವರ್ಷ! ತಂತಿಗಳು ಮಾತು ನಿಲ್ಲಿಸಿದವು. ಪೂರ್ತಿ ಅಲ್ಲ, ಆದರೆ ದೂರದ ಮನೆಯ ಜಗಳದಂತೆ, ಕೇಳಿದರೂ ಬಿಟ್ಟುಬಿಡಬಹುದಾದಷ್ಟು. ತಮ್ಮ ಮನೆಗೆ ಬಂದ. ದಪ್ಪಗಾದ. ಕೈ ನಡುಗುತ್ತಿದ್ದುದರಿಂದ ಸಣ್ಣ ತಂತಿ ಸುತ್ತಲು ಆಗುತ್ತಿರಲಿಲ್ಲ. ದೊಡ್ಡ ಪಂಪುಗಳ ದಪ್ಪ ತಂತಿ ಮಾತ್ರ ನಿಧಾನಕ್ಕೆ ಸುತ್ತುತ್ತಿದ್ದ. ಬಾಗಿಲು ಮುಚ್ಚಿದರೆ ಬೆವರುತ್ತಿದ್ದ. ಅದಕ್ಕೆ ಅವಳು ಬಚ್ಚಲಿನದೊಂದು ಬಿಟ್ಟು ಮನೆಯ ಎಲ್ಲ ಚಿಲಕಗಳನ್ನೂ ಕಿತ್ತುಹಾಕಿದಳು. ನೆರೆಯವಳೊಬ್ಬಳು "ಭಯ ಆಗಲ್ವಾ ನಿಮಗೆ, ಅವನ ಜೊತೆ?" ಎಂದು ಕೇಳಿದಾಗ, "ಆಗುತ್ತೆ, ಸರಿಯಾಗಿರೋರನ್ನ ನೋಡಿದ್ರೆ" ಎಂದಳು.

ಅವಳು ಅವನ ಹತ್ತಿರ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆ ಪದ ಅವಳ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಬೆಳಿಗ್ಗೆ ಅವನ ಮಾತ್ರೆ, ನೀರು ಎದುರಿಗಿಟ್ಟು, ಅವನು ನುಂಗುವವರೆಗೂ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದಳು. ಬಸ್ಸು ತಪ್ಪಿದರೂ ಏಳುತ್ತಿರಲಿಲ್ಲ.

ಹಾಗೆ ಕೂತಿದ್ದಾಗಲೇ ಒಂದು ದಿನ ಅವನು, "ಅಕ್ಕಾ, ಗೋಡೆಯಾಚೆ ಒಬ್ಬನಿದ್ದ" ಎಂದ.

"ಯಾವ ಗೋಡೆ?"

"ಅಲ್ಲಿ. ಪಕ್ಕದ ಕೋಣೆ. ಗಡಿಯಾರದವನು ಅಂತಿದ್ರು. ನಾನು ಕೂಗಿದಾಗ ಅವನು ಗೋಡೆ ತಟ್ಟಿ, ನಾನಿದೀನಿ, ನಾನಿದೀನಿ ಅನ್ನೋನು. ಅವನನ್ನ ನೋಡೋಕೆ ಯಾರೂ ಬರ್ತಿರಲಿಲ್ಲ." ಮಾತ್ರೆ ನುಂಗಿ ಲೋಟ ಕೆಳಗಿಟ್ಟ. "ಈಗ ಅವನು ಕೂಗಿದ್ರೆ ಯಾರು ತಟ್ತಾರೆ?"

ಮುಂದಿನ ಭೇಟಿಯ ದಿನ ಚೆಕ್ಕರಕ್ಕ ಮತ್ತೆ ಜೈಲಿನ ಗೇಟಿನ ಮುಂದೆ ನಿಂತಿದ್ದಳು. ಹೊರಡುವ ಮೊದಲು ಕೆಮ್ಮು ವಕೀಲರಿಗೆ ವಿಷಯ ಹೇಳಿ, ಅರ್ಜಿ ಬರೆಯಲು ತಾಕೀತು ಮಾಡಿ ಬಂದಿದ್ದಳು. ಗೇಟಿನಲ್ಲಿ ಅದೇ ವಾರ್ಡರು, ಅದೇ ಆಕಳಿಕೆ.

"ಯಾರನ್ನ ನೋಡ್ಬೇಕು?"

"ಗಡಿಯಾರದವನನ್ನ."

"ರಕ್ತಸಂಬಂಧದೋರಿಗೆ ಮಾತ್ರ ಭೇಟಿ. ನೀವೇನಾಗ್ಬೇಕು ಅವನಿಗೆ?"

"ಅಕ್ಕ."

ವಾರ್ಡರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಆ ಹುಚ್ಚನಿಗೂ ನೀವೇ ಅಕ್ಕನಾ? ಅವನು ನಿಮಗಿಂತ ಇಪ್ಪತ್ತು ವರ್ಷ ದೊಡ್ಡೋನು ಕಣಮ್ಮ!"

"ನಮ್ಮಪ್ಪ ಎಲ್ಲೆಲ್ಲಿ ಏನೇನು ಮಾಡಿದ್ದನೋ ನನಗೇನು ಗೊತ್ತು" ಎಂದಳು ಚೆಕ್ಕರಕ್ಕ. "ಒಳಗಿರೋರಿಗೆ ವಯಸ್ಸಾಗಿದ್ದು ನಿಮ್ಮ ಕೃಪೆ. ಬಾಗಿಲು ತೆಗಿ."